ಹೊಳೆಮತ್ತಿಯ ಉತ್ತರದ ಮಗ್ಗುಲು

ಮಗಳು ದಾವಣಗೆರೆಯಿಂದ ಬರುವಾಗ ನನಗೆಂದು ಒಂದು ಡಬ್ಬಿ ತಂದಿದ್ದಳು. ಬಿಳಿಯ ಪ್ಲಾಸ್ಟಿಕ್ ಡಬ್ಬಿ, ಮೇಲೆ ಹಸಿರು ಎಲೆಯ ಚಿತ್ರ, ಒಳಗೆ ಕಂದು ಬಣ್ಣದ ಮಾತ್ರೆಗಳು. ಕನ್ನಡಕ ಹುಡುಕಿ ಹಾಕಿಕೊಂಡು ಓದಿದೆ. ಹೊಳೆಮತ್ತಿ ಮರದ ತೊಗಟೆಯ ಸಾರವಂತೆ, ಹೃದಯಕ್ಕೆ ಒಳ್ಳೆಯದಂತೆ, ಬಿಸಿಲು ತಾಗದ ಕಡೆ ಇಡಬೇಕಂತೆ, ಮಕ್ಕಳ ಕೈಗೆ ಸಿಗಬಾರದಂತೆ. ನನಗೆ ನಗು ಬಂತು. ನಾವು ಮಕ್ಕಳಾಗಿದ್ದಾಗ ಇದೇ ಸಾರವನ್ನು ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದರು. ಸಿಗಬಾರದೆಂದು ಓಡುತ್ತಿದ್ದವರು ನಾವು.

ನಗು ಬಂದದ್ದೇನೋ ನಿಜ, ಆದರೆ ಮುಚ್ಚಳ ತೆಗೆಯಲು ಕೈ ಬರಲಿಲ್ಲ. ಮಗಳು ಯಾಕೆ ತೆಗೆದುಕೊಳ್ಳುವುದಿಲ್ಲ ಎಂದು ಕೇಳಿದಾಗ, ಡಾಕ್ಟರನ್ನು ಒಂದು ಮಾತು ಕೇಳಿ ನೋಡೋಣ ಎಂದು ಜಾರಿಕೊಂಡೆ. ಖರೇ ಕಾರಣ ಹೇಳಬೇಕೆಂದರೆ ಹಲವಾಗಲಿನ ನಮ್ಮ ದೊಡ್ಡವ್ವನ ಮರದ ಕಥೆಯನ್ನೆಲ್ಲ ಹೇಳಬೇಕಾಗುತ್ತದೆ. ಅವಳಿಗೆ ಅಷ್ಟು ಪುರುಸೊತ್ತಿಲ್ಲ. ನಿಮಗಿದ್ದರೆ ಕೂತುಕೊಳ್ಳಿ.

ದೊಡ್ಡವ್ವ ಎಂದರೆ ನಮ್ಮ ಅವ್ವನ ಅಕ್ಕ, ಹಾಲಮ್ಮ. ಹುಟ್ಟಿದ್ದು ಕೊಟ್ಟೂರಿನಲ್ಲಿ, ಕೊಟ್ಟದ್ದು ಹಲವಾಗಲಿಗೆ. ಕೊಟ್ಟೂರಿನವರಾದ ನಮಗೆ ಹೊಳೆ ನೋಡಬೇಕೆಂದರೆ ಬಸ್ಸು ಹತ್ತಬೇಕು, ಹರಪನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ದೊಡ್ಡವ್ವನಿಗೆ ಮಾತ್ರ ತುಂಗಭದ್ರೆ ಹೊಲದ ಬದುವಿನಲ್ಲೇ ಹರಿಯುತ್ತಿತ್ತು. ಆ ಭಾಗ್ಯಕ್ಕೆ ನಾವೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದೆವು. ಅವಳು ಮಾತ್ರ ಮದುವೆಯಾದ ಹೊಸತರಲ್ಲಿ ಆ ನೀರು ನೋಡಿ ಹೆದರಿ, ದಂಡೆಯ ಮೇಲಿದ್ದ ದೊಡ್ಡ ಹೊಳೆಮತ್ತಿ ಮರಕ್ಕೆ ಆತು ಕೂತು ತವರು ನೆನೆದು ಅಳುತ್ತಿದ್ದಳಂತೆ. ಅತ್ತೆ ಬಂದು ಸಮಾಧಾನ ಮಾಡುವ ಬದಲು, ಹೇಗೂ ಮರದ ಹತ್ತಿರ ಬಂದಿದ್ದೀಯ, ಚಕ್ಕೆ ತೆಗೆಯುವುದನ್ನಾದರೂ ಕಲಿ ಎಂದಳಂತೆ. ಆ ಮನೆಯಲ್ಲಿ ಮರದ ತೊಗಟೆ ತೆಗೆಯುವ ಕೆಲಸ ಹೆಂಗಸರದು. ಅತ್ತೆಯಿಂದ ಸೊಸೆಗೆ ಬರುತ್ತಿತ್ತು.

ಅದಕ್ಕೊಂದು ಕಟ್ಟಳೆ ಇತ್ತು. ಮೊದಲು ಬುಡಕ್ಕೆ ಒಂದು ಚೊಂಬು ನೀರು ಹಾಕಬೇಕು. ಎಡಗೈಯನ್ನು ಮರದ ಮೇಲಿಟ್ಟು ಕೇಳಿಕೊಳ್ಳಬೇಕು. ಬೆಳಗಿನ ಬಿಸಿಲು ಬೀಳುವ ಮಗ್ಗುಲಲ್ಲಿ ಮಾತ್ರ ಕೈ ಹಾಕಬೇಕು, ಅದೂ ಅಂಗೈ ಅಗಲದಷ್ಟೇ. ತೆಗೆದ ಜಾಗಕ್ಕೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಬೇಕು. ಆ ಗಾಯ ಮಾಯುವ ತನಕ ಇನ್ನೊಂದು ಚಕ್ಕೆ ಎಬ್ಬಿಸುವಂತಿಲ್ಲ. ಕೇಳಿಕೊಂಡು ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ, ಅವರಿಂದ ಏನೂ ಇಸಿದುಕೊಳ್ಳುವಂತಿಲ್ಲ. ಬಂದವರು ಹೋಗುವಾಗ ‘ಹೋಗಿ ಬರ್ತೀವಿ’ ಎನ್ನುವಂತಿಲ್ಲ, ಅಂದರೆ ರೋಗವೂ ಹೋಗಿ ಬರುತ್ತದಂತೆ. ಹೀಗಾಗಿ ದೊಡ್ಡವ್ವನ ಮನೆಗೆ ಔಷಧಕ್ಕೆ ಬಂದವರು ಗಡದ್ದಾಗಿ ಚಹಾ ಕುಡಿದು, ಎದ್ದು, ಮಾತಿಲ್ಲದೆ ಹೊರಟುಬಿಡುತ್ತಿದ್ದರು. ಚಿಕ್ಕವಳಿದ್ದಾಗ ಇವರೆಲ್ಲ ಎಂಥ ಸೊಕ್ಕಿನ ಜನ ಎಂದುಕೊಂಡಿದ್ದೆ.

ಚಕ್ಕೆಯಿಂದ ಸಾರ ತೆಗೆಯುವುದೂ ಅವಸರದ ಕೆಲಸವಲ್ಲ. ನೆರಳಲ್ಲಿ ಒಣಗಿಸಿ, ಒರಳಲ್ಲಿ ಕುಟ್ಟಿ, ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಬೆಳಿಗ್ಗೆ ಮಣ್ಣಿನ ಗಡಿಗೆಯಲ್ಲಿ ಸಣ್ಣ ಉರಿಯ ಮೇಲೆ ಇಡಬೇಕು. ಕಾಲು ಭಾಗಕ್ಕೆ ಇಳಿಯುವ ತನಕ ಒಲೆಯ ಮುಂದಿನಿಂದ ಏಳುವಂತಿಲ್ಲ. ನೀರು ಕೆಂಪಗೆ ತಿರುಗಿ, ಮನೆಯೆಲ್ಲ ಹಸಿ ಕಟ್ಟಿಗೆಯ ವಾಸನೆ ಏಳುತ್ತಿತ್ತು. ಸೋಸಿ ಹಾಲು ಹಾಕಿ ಮತ್ತೆ ಕುದಿಸಿದರೆ ನಸುಗೆಂಪು ಬಣ್ಣ. ನೋಡಲು ಬಲು ಚಂದ. ಬಾಯಿಗೆ ಹಾಕಿದರೆ ಒಗರು ಅಂದರೆ ಒಗರು, ನಾಲಿಗೆ ಹಲಗೆಯಾಗಿ ಸ್ವಲ್ಪ ಹೊತ್ತು ಮಾತೇ ಹೊರಳುತ್ತಿರಲಿಲ್ಲ. ನನ್ನಂಥ ಬಾಯಿಬಡಕಿಗೆ ರಜೆಯಲ್ಲಿ ಅಷ್ಟು ಸಲ ಅದನ್ನು ಕುಡಿಸುತ್ತಿದ್ದುದು ಎದೆ ಗಟ್ಟಿಯಾಗಲೆಂದೋ, ಮನೆಯಲ್ಲಿ ಕೊಂಚ ಶಾಂತಿ ಇರಲೆಂದೋ ಈಗಲೂ ಅನುಮಾನವಿದೆ.

ಮಣ್ಣಿನ ಗಡಿಗೆಯೇ ಯಾಕೆ ಎಂಬುದು ನಮ್ಮ ಮನೆಯಲ್ಲಿ ಗೊತ್ತಾದದ್ದು ಬೇರೆ ರೀತಿ. ಒಮ್ಮೆ ಅವ್ವ ಕೊಟ್ಟೂರಿನಲ್ಲಿ ಗಡಿಗೆ ಒಡೆದಿತ್ತೆಂದು ಕಬ್ಬಿಣದ ಬಾಣಲೆಯಲ್ಲಿ ಚಕ್ಕೆ ಕುದಿಸಿದಳು. ಕೆಂಪಾಗಬೇಕಾದ ಕಷಾಯ ಕಾಡಿಗೆಯಂತೆ ಕಪ್ಪಾಯಿತು. ಅವ್ವ ಅದನ್ನು ಹಿತ್ತಲಿಗೆ ಚೆಲ್ಲುವ ಮೊದಲೇ ನಾನು ಬೆರಳು ಅದ್ದಿ, ಗೋಡೆಯ ಕನ್ನಡಿ ನೋಡಿಕೊಂಡು ಒಂದು ಮೀಸೆ ಬರೆದುಕೊಂಡೆ. ತುದಿ ತಿರುವಿದ, ಒಳ್ಳೆ ದಳವಾಯಿಯ ಮೀಸೆ. ತೊಳೆಯಲು ಹೋದರೆ ಹೋಗಲಿಲ್ಲ. ಸೀಗೆಪುಡಿ, ಸೀಮೆಎಣ್ಣೆ, ಅವ್ವನ ಬೈಗುಳ ಯಾವುದಕ್ಕೂ ಬಗ್ಗಲಿಲ್ಲ. ಮರುದಿನ ಮೀಸೆಯ ಸಮೇತ ಸಾಲೆಗೆ ಹೋದೆ. ಆ ವರ್ಷದ ನಾಟಕದಲ್ಲಿ ರಾಜನ ಪಾರ್ಟು ನನಗೇ ಸಿಕ್ಕಿತು. ನಾಟಕದ ಹೊತ್ತಿಗೆ ಮೀಸೆ ಮಾಸಿಹೋಗಿ ಇದ್ದಿಲಿನಿಂದ ಬರೆಯಬೇಕಾಯಿತು, ಆ ಮಾತು ಬೇರೆ.

ಹೀಗೆ ನಗುತ್ತ ಹೇಳುತ್ತ ಹೋದರೆ ಮರದ ಕಥೆ ಮುಗಿಯುವುದಿಲ್ಲ. ಮುಗಿಸಬಾರದೆಂದೇ ಸುತ್ತು ಬಳಸುತ್ತಿದ್ದೇನೆ ಅನ್ನಿಸುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತಿದೆಯಲ್ಲ, ಬಹಳ ವರ್ಷ ಆ ಮಾತೇ ಮರವನ್ನು ಕಾದಿತ್ತು. ಊರಿನ ಒಂದಿಬ್ಬರು ಮುದುಕರು ಬಿಟ್ಟರೆ ಅದರ ಗೊಡವೆಗೆ ಯಾರೂ ಹೋಗುತ್ತಿರಲಿಲ್ಲ. ಆಮೇಲೆ ಎಲ್ಲರ ಫೋನಿನಲ್ಲೂ ಒಂದು ವಿಡಿಯೊ ಹರಿದಾಡಿತು. ಯಾರೋ ಒಬ್ಬರು ಕುರ್ಚಿಯ ಮೇಲೆ ಕೂತು, ಹೊಳೆಮತ್ತಿಯ ತೊಗಟೆ ಕುದಿಸಿ ಕುಡಿದರೆ ಎದೆಯ ನರಗಳ ಕಟ್ಟು ಬಿಟ್ಟುಹೋಗುತ್ತದೆ, ಆಪರೇಷನ್ ಬೇಡ ಎಂದು ಹೇಳಿದ್ದರು. ಅದನ್ನು ನೋಡಿದ ಹಡಗಲಿ ಕಡೆಯ ಒಬ್ಬ ಬಂದ. ಅವನಿಗೆ ಏದುಸಿರು ಕಡಿಮೆಯಾಯಿತಂತೆ. ಆತ ಹತ್ತು ಜನಕ್ಕೆ ಹೇಳಿದ. ಸುಗ್ಗಿಯ ಚಳಿ ಶುರುವಾಗುವ ಹೊತ್ತಿಗೆ ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಬೈಕುಗಳು ದೊಡ್ಡವ್ವನ ಹೊಲದ ದಾರಿ ಹಿಡಿದವು.

ಬಂದವರು ಕೆಟ್ಟವರಾಗಿದ್ದರೆ ಕಥೆ ಸುಲಭವಾಗಿರುತ್ತಿತ್ತು. ಎಲ್ಲರೂ ಪಾಪದವರು. ಒಬ್ಬನಿಗೆ ಹೆಂಡತಿಯ ಎದೆನೋವು, ಒಬ್ಬಳಿಗೆ ಅಪ್ಪನದು. ಚೊಂಬಿನಲ್ಲಿ ನೀರು ತಂದು ಬುಡಕ್ಕೆ ಹಾಕುತ್ತಿದ್ದರು, ಕೈ ಮುಗಿಯುತ್ತಿದ್ದರು, ಅಂಗೈಗಿಂತ ಹೆಚ್ಚು ಕೇಳುತ್ತಿರಲಿಲ್ಲ, ಹೇಳದೆ ಹೋಗುತ್ತಿದ್ದರು. ಕಟ್ಟಳೆಯಲ್ಲಿ ಒಂದನ್ನೂ ಮುರಿಯಲಿಲ್ಲ. ಆದರೆ ಅಂಗೈಗಳು ಹೆಚ್ಚಾದವು, ಮರ ಒಂದೇ ಇತ್ತು. ಗಾಯ ಮಾಯುವ ತನಕ ಕಾಯಿರಿ ಎಂದರೆ ಎದೆ ಹಿಡಿದುಕೊಂಡು ಬಂದವರು ಕಾಯುವುದು ಹೇಗೆ? ದೊಡ್ಡವ್ವ ಒಬ್ಬೊಬ್ಬರ ಮುಖ ನೋಡಿ ಕೊಡುತ್ತ ಹೋದಳು. ಪೂರ್ವದ ಮಗ್ಗುಲು ಬೇಗನೆ ಬೆತ್ತಲಾಯಿತು.

ಇನ್ನು ಸಾಕು ಎಂದು ಅವಳು ಕೈ ಚೆಲ್ಲಿದಾಗ ಮುಂದೆ ಬಂದವನು ನಮ್ಮ ಕಾಕ. ದೊಡ್ಡವ್ವನ ಮೈದುನ, ಕೊಟ್ರಪ್ಪ ಮಾಸ್ತರ. ಜೀವಮಾನವಿಡೀ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತನಾದವನು. ಪಾಠ ಕೇಳಲು ಮಕ್ಕಳಿಲ್ಲದೆ ಮನೆಯವರಿಗೇ ಪಾಠ ಮಾಡುತ್ತಿದ್ದ, ಊಟಕ್ಕೆ ಕೂತರೆ ರೊಟ್ಟಿಯನ್ನೇ ಭೂಮಿ ಮಾಡಿ ತಿರುಗಿಸಿ ತೋರಿಸುವವನು. ಅವನು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡ. ಹೆಂಡತಿಗಾಗಿ ಬಂದ ಒಬ್ಬ ಮನುಷ್ಯ ಬರಿಗೈಲಿ ಹೋಗಲಾರದೆ ನಿಂತಾಗ ಕಾಕ ಶಾಸ್ತ್ರ ಬಿಚ್ಚಿದ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಹುಟ್ಟುತ್ತಾನೆ, ಆದ್ದರಿಂದ ಈಗ ಬೆಳಗಿನ ಬಿಸಿಲು ಬೀಳುವುದು ದಕ್ಷಿಣದ ಮಗ್ಗುಲಿಗೇ, ಅಲ್ಲಿ ತೆಗೆಯುವುದರಲ್ಲಿ ತಪ್ಪಿಲ್ಲ ಎಂದ. ಬಿಸಿಲು ಕಣ್ಣಿಗೆ ಕಾಣುವ ಹಾಗೆ ಅಲ್ಲೇ ಬಿದ್ದಿತ್ತು.

ದಕ್ಷಿಣ ಮುಗಿದು ಪಶ್ಚಿಮಕ್ಕೆ ಬಂದಾಗ ದೊಡ್ಡವ್ವ ಅಡ್ಡ ನಿಂತಳಂತೆ. ಅದು ಮುಳುಗುವ ಸೂರ್ಯನ ಮಗ್ಗುಲು, ಅತ್ತೆ ಎಂದೂ ಮುಟ್ಟಿರಲಿಲ್ಲ.

“ಸೂರ್ಯ ಒಬ್ಬನಾ ಅತ್ತಿಗಿ,” ಎಂದ ಕಾಕ. “ಮುಂಜಾನಿ ಹುಟ್ಟಿದವನಾ ಸಂಜಿಗೆ ಮುಳುಗತಾನ. ಬ್ಯಾರೆ ಯಾರೂ ಬರಂಗಿಲ್ಲ.”

ಕಾಕನಿಗೂ ಜನರ ಮೇಲಿನ ಮರುಕವೇ. ಪಾಠ ಒಪ್ಪಿಸುವ ಹುಮ್ಮಸ್ಸೂ ಇತ್ತು ಅನ್ನಿ. ದೊಡ್ಡವ್ವ ಸೋತಳು. ಆದರೆ ಉತ್ತರದ ಮಗ್ಗುಲಿಗೆ ಬಂದಾಗ ಮಾತ್ರ ಗಟ್ಟಿಯಾಗಿ ನಿಂತಳು. ಆ ಕಡೆ ದಂಡೆ ಹೊಳೆಗೆ ಇಳಿಯುತ್ತದೆ, ಕಾಲು ಊರಲು ಸರಿಯಾದ ಜಾಗವಿಲ್ಲ. ಒಂದು ಮೊಳ ಅಗಲದ ಪಟ್ಟಿ ಬುಡದಿಂದ ಕೊಂಬೆಯ ತನಕ ಅಲ್ಲಿ ಇಡಿಯಾಗಿ ಉಳಿದಿತ್ತು.

“ಅದನ್ನ ಮುಟ್ಟಬ್ಯಾಡ್ರಿ,” ಎಂದಳು. “ಮರದ ಜೀವ ಇನ್ನ ಅದರಾಗಾ ಐತಿ. ಅದು ಉಳಿದ್ರ ಹೊಳ್ಳಿ ಸುತ್ತಲೂ ತೊಗಟಿ ಕಟ್ಟಿಕೆಂತೈತಿ. ಅದೂ ಹೋದ್ರ ಮುಗೀತು.”

ಕಾಕ ಇದನ್ನು ಒಪ್ಪಿದ. ಉತ್ತರದ ಮಗ್ಗುಲಿಗೆ ಬಿಸಿಲು ಬೀಳುವುದಿಲ್ಲ ಎಂದು ಅವನ ಭೂಗೋಳವೂ ಹೇಳುತ್ತಿತ್ತು. ಮರದ ಕೆಳಗಿನ ಕುರ್ಚಿಯನ್ನು ಎತ್ತಿಟ್ಟರು. ಬಂದವರಿಗೆ ಕೈ ಮುಗಿದು, ಮರ ಚೇತರಿಸಿಕೊಳ್ಳಲಿ, ಎರಡು ವರ್ಷ ಬಿಟ್ಟು ಬನ್ನಿ ಎಂದು ಹೇಳಿ ಕಳಿಸತೊಡಗಿದರು. ಮರದ ಮೈತುಂಬ ಸಗಣಿ, ಕೆಮ್ಮಣ್ಣು. ದೊಡ್ಡವ್ವ ದಿನಾ ಹೋಗಿ ಆ ಪಟ್ಟಿಯ ಮೇಲೆ ಕೈ ಆಡಿಸಿ ಬರುತ್ತಿದ್ದಳಂತೆ.

ಈ ಸಂಗತಿಯೆಲ್ಲ ನನಗೆ ಫೋನಿನಲ್ಲಿ ಚೂರುಪಾರು ಗೊತ್ತಾಗುತ್ತಿತ್ತು. ಕೊಟ್ಟೂರಿನಲ್ಲಿ ನನ್ನದೊಂದು ಬಳೆ ಅಂಗಡಿ ಇದೆ. ಜೂನ್ ತಿಂಗಳ ಮೊದಲಲ್ಲಿ, ಮಿರಗದ ಮಳೆಯ ಹೊತ್ತಿಗೆ, ಒಂದು ದಿನ ಸ್ಟೂಲು ಹತ್ತಿ ಮೇಲಿನ ಸಾಲಿನ ಬಳೆ ಡಬ್ಬಿ ಇಳಿಸುತ್ತಿದ್ದಾಗ ಎದೆಯಲ್ಲಿ ಯಾರೋ ಗುದ್ದಿದ ಹಾಗಾಯಿತು. ಹಿಂದಿನ ಸಂಜೆ ಮಂಡಕ್ಕಿಯ ಜೊತೆ ಮಿರ್ಚಿ ತಿಂದಿದ್ದೆ, ಗ್ಯಾಸ್ ಎಂದುಕೊಂಡು ಸೋಡಾ ತರಿಸಿ ಕುಡಿದೆ. ಬಳೆ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ನನ್ನ ಬೆವರು ನೋಡಿ ಗಲಾಟೆ ಮಾಡದಿದ್ದರೆ ಇನ್ನೊಂದು ಸೋಡಾ ತರಿಸುತ್ತಿದ್ದೆನೇನೋ. ದಾವಣಗೆರೆಗೆ ಒಯ್ದರು, ನರದೊಳಗೆ ಸ್ಟೆಂಟು ಹಾಕಿದರು, ಮುಷ್ಟಿ ತುಂಬ ಗುಳಿಗೆ ಕೊಟ್ಟು ಕಳಿಸಿದರು.

ಮನೆಗೆ ಬಂದ ಕೆಲವು ದಿನಕ್ಕೆ ದೊಡ್ಡವ್ವ ಬಸ್ಸಿಳಿದು ಬಂದಳು. ಆ ವಯಸ್ಸಿನಲ್ಲಿ, ಒಬ್ಬಳೇ, ತಲೆಯ ಮೇಲೊಂದು ಗಂಟು. ಗಂಟು ಬಿಚ್ಚಿದರೆ ಒಣಗಿದ ಚಕ್ಕೆ. ಅಂಗೈಯಗಲದ ತುಂಡುಗಳಲ್ಲ, ಮೊಳದುದ್ದದ ಪಟ್ಟಿಗಳು. ಇಷ್ಟೊಂದು ಎಲ್ಲಿತ್ತು ಎಂದು ಕೇಳಿದೆ. ಮೊದಲು ತೆಗೆದು ಇಟ್ಟದ್ದಿತ್ತು ಎಂದಳು. ನಮ್ಮ ಮನೆಯಲ್ಲೇ ಉಳಿದು ದಿನಾ ಬೆಳಿಗ್ಗೆ ಗ್ಯಾಸ್ ಒಲೆಯ ಮುಂದೆ ಕುರ್ಚಿ ಹಾಕಿಕೊಂಡು, ಉರಿ ಸಣ್ಣದು ಮಾಡಿ, ಸಾರ ಇಳಿಸಿ, ಹಾಲು ಹಾಕಿ ತಂದು ಎದುರಿಗೆ ನಿಲ್ಲುತ್ತಿದ್ದಳು. ಡಾಕ್ಟರಿಗೆ ಫೋನು ಮಾಡಿದರೆ ಅವರಿಗೆ ಹಿಡಿಸಲಿಲ್ಲ, ಗುಳಿಗೆ ಮಾತ್ರ ಒಂದೂ ತಪ್ಪಿಸಬೇಡಿ ಎಂದು ಗದರಿದರು. ಗುಳಿಗೆ ನುಂಗುತ್ತಿದ್ದೆ, ದೊಡ್ಡವ್ವನ ಲೋಟವನ್ನೂ ಖಾಲಿ ಮಾಡುತ್ತಿದ್ದೆ. ಅದೇ ಒಗರು. ಆ ಒಗರಿಗೆ ನಾನು ಮತ್ತೆ ಚಿಕ್ಕವಳಾಗಿ ಮುಖ ಕಿವಿಚುತ್ತಿದ್ದೆ, ಅವಳು ಸೆರಗಿನಿಂದ ನನ್ನ ಬಾಯಿ ಒರೆಸುತ್ತಿದ್ದಳು. ಅಷ್ಟು ಸುಖವಾಗಿ ನಾನು ಯಾವ ಕಾಯಿಲೆಯನ್ನೂ ಅನುಭವಿಸಿಲ್ಲ.

ಮುಂದಿನ ಬೇಸಿಗೆ. ಹೊಳೆಮತ್ತಿಗಳು ಎಲೆ ಉದುರಿಸಿ ಹೊಸದು ಹೊರಡಿಸುವ ಕಾಲ. ಹಲವಾಗಲಿಗೆ ಹೋದೆ. ದಂಡೆಯುದ್ದಕ್ಕೂ ಬೇರೆ ಮರಗಳೆಲ್ಲ ತಿಳಿಹಸಿರಾಗಿದ್ದವು. ದೊಡ್ಡವ್ವನ ಮರದಲ್ಲಿ ಒಂದು ಚಿಗುರಿಲ್ಲ. ಕಾಕ ಅದರ ಸುತ್ತ ಹಸಿ ಗೋಣಿತಾಟು ಕಟ್ಟಿಸಿದ್ದ. ಸಗಣಿ ಮೆತ್ತಿಸಿದ್ದ, ಯಾರನ್ನೋ ಕೇಳಿ ಬಂದು ಏನೋ ಮುಲಾಮು ಬಳಿಸಿದ್ದ. ದವಾಖಾನೆಯಲ್ಲಿ ಮಲಗಿಸಿದ ರೋಗಿಯ ಹಾಗೆ ಮರ ಪಟ್ಟಿ ಸುತ್ತಿಕೊಂಡು ನಿಂತಿತ್ತು. ಅದರ ಬೇರು ಬಿಟ್ಟರೆ ಆ ದಂಡೆಯನ್ನು ಹಿಡಿದಿಡುವುದು ಬೇರೇನೂ ಇಲ್ಲ ಎಂದು ಆ ಮನೆಯವರಿಗೆಲ್ಲ ಗೊತ್ತು.

ಹೊಲದ ಮನೆಯ ಮುಂದಿನ ಕಟ್ಟೆಯ ಮೇಲೆ ಮೂವರೂ ಕೂತೆವು. ಕಾಕ ಅರ್ಧಕ್ಕರ್ಧ ಇಳಿದುಹೋಗಿದ್ದ. ತಾನು ಕುರ್ಚಿ ಹಾಕಿಕೊಂಡು ಕೂತದ್ದು ತಪ್ಪಾಯಿತು, ದಕ್ಷಿಣ, ಪಶ್ಚಿಮ ಎಂದು ಲೆಕ್ಕ ಹೇಳಿದ್ದು ತಪ್ಪಾಯಿತು ಎಂದು ತಾನೇ ಹೇಳಿಕೊಂಡ. ಆದರೂ ಮರ ಬದುಕುತ್ತಿತ್ತು, ಉತ್ತರದ ಪಟ್ಟಿ ಇತ್ತಲ್ಲ ಎಂದ. ಹೊಳೆ ಇಳಿದ ಮೇಲೆ ಆ ಕಡೆ ಹೋಗಿ ನೋಡಿದರೆ ಅದೂ ಇರಲಿಲ್ಲವಂತೆ. ಯಾರೋ ಕದ್ದು ಸುಲಿದಿದ್ದರು. ಇಡೀ ಊರಲ್ಲಿ ವಿಚಾರಿಸಿದ್ದನಂತೆ, ಯಾರೂ ಒಪ್ಪಿಕೊಂಡಿರಲಿಲ್ಲ. ಹೇಳುತ್ತ ಹೇಳುತ್ತ ಅವನ ದನಿ ಏರಿತು.

“ಆ ಚಕ್ಕಿ ಕುಡುದೋರ ಎದಿ ಅಲ್ಲೇ ನಿಂತು ಹೋಗ್ಲಿ,” ಎಂದ.

ದೊಡ್ಡವ್ವ ಅಲ್ಲಿಯ ತನಕ ಕಡಲೆಕಾಯಿ ಸುಲಿಯುತ್ತಿದ್ದವಳು ಮೊರವನ್ನು ಕೆಳಗಿಟ್ಟಳು.

“ಕೊಟ್ರಪ್ಪ, ಆ ಮಾತು ಹಿಂದಕ ತಗೋ.”

“ಯಾಕ ಅತ್ತಿಗಿ? ಮರ ಕೊಂದಾರ.”

“ತಗೋ ಅಂದ್ನಲ್ಲ. ಕುಡದಾಕಿ ಇಲ್ಲೇ ಕುಂತಾಳ. ಸುಲದಾಕಿ ನಾನು.”

ಕಾಕ ನನ್ನನ್ನು ನೋಡಿದ. ನಾನು ಕಟ್ಟೆಯ ಕಲ್ಲನ್ನು ಹಿಡಿದುಕೊಂಡೆ. ಕಾಕ ಎದ್ದು ಬಂದು ನೆಲ ಮುಟ್ಟಿ, ಆಡಿದ ಶಾಪ ಇಳಿಯಲೆಂದು ಆ ಮಣ್ಣಿನ ಕೈಯನ್ನೇ ನನ್ನ ತಲೆಯ ಮೇಲೆ ಇಟ್ಟ. ಗೋಣಿತಾಟಿಗೆ ನೀರು ಹಾಕಿ ಬರುತ್ತೇನೆ ಎಂದು ಗೊಣಗಿಕೊಂಡು ಹೋದ.

ಆಮೇಲೆ ದೊಡ್ಡವ್ವ ಹೇಳಿದಳು. ನನ್ನನ್ನು ದಾವಣಗೆರೆಗೆ ಒಯ್ದ ಸುದ್ದಿ ಬಂದ ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲ. ಮುಂಜಾನೆ ಎದ್ದು ಮರದ ಹತ್ತಿರ ಹೋದರೆ ಉತ್ತರದ ಮಗ್ಗುಲಿನ ಮೇಲೆ ಎಳೆಬಿಸಿಲು ಬಿದ್ದಿತ್ತು. ಮಿರಗದ ಹೊತ್ತಿಗೆ ಸೂರ್ಯ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಕಾಕನ ಭೂಗೋಳ ಅದೊಂದನ್ನು ಮರೆತಿತ್ತು. ಅಷ್ಟು ವರ್ಷ ಆ ಮರದ ಕೆಳಗೆ ಓಡಾಡಿದವಳು ತಾನೂ ಗಮನಿಸಿರಲಿಲ್ಲವಂತೆ. ಸೂರ್ಯಪ್ಪ ತಾನೇ ಬಂದು ಜಾಗ ತೋರಿಸಿದ ಎಂದುಕೊಂಡಳು. ನೀರು ಹಾಕಿದಳು, ಎಡಗೈ ಇಟ್ಟು ಕೇಳಿಕೊಂಡಳು, ಒಂದು ಕೈಯಲ್ಲಿ ಬೇರು ಹಿಡಿದು, ಇನ್ನೊಂದರಲ್ಲಿ ಕುಡುಗೋಲು ಹಿಡಿದು, ಆ ಇಳಿಜಾರಿನಲ್ಲಿ ನಿಂತು ಸುಲಿದಳು.

ಜಾರಿ ಹೊಳೆಗೆ ಬಿದ್ದಿದ್ದರೆ? ನನಗೆ ಸಿಟ್ಟೇ ಬಂತು. ಆ ಪಟ್ಟಿ ಹೋದರೆ ಮರ ಹೋಗುತ್ತದೆ ಎಂದು ಜನಕ್ಕೆಲ್ಲ ಹೇಳಿದವಳು ನೀನೇ ಅಲ್ಲವೇ, ಗೊತ್ತಿದ್ದೂ ಯಾಕೆ ಕೈ ಹಾಕಿದೆ ಎಂದು ಕೇಳಿದೆ.

“ಗೊತ್ತಿತ್ತು,” ಎಂದಳು. “ನಾಳಿ ಮತ್ತ ಹಂಗಾ ಬಂದ್ರ ಮತ್ತ ಹಂಗಾ ಮಾಡ್ತೀನಿ. ಆದ್ರ ಅದರ ಕಡಿ ಮಾರಿ ಎತ್ತಿ ನೋಡಾಕ ನನ್ನ ಕೈಲಿ ಆಗವಲ್ದು ಸರೂ.”

ನನಗೆ ಅಳು ಬಂತು. ಮರಕ್ಕಾಗಿ ಬಂತು, ಅದರ ಕಡೆ ಬೆನ್ನು ಹಾಕಿ ಕೂತಿದ್ದ ಇವಳಿಗಾಗಿ ಬಂತು. ಕೊಟ್ಟೂರಿನಲ್ಲಿ ಆ ಪಟ್ಟಿಗಳನ್ನು ನೋಡಿದಾಗ ಇನ್ನೊಂದು ಪ್ರಶ್ನೆ ಕೇಳಿದ್ದರೂ ಆಗಲೇ ತಡವಾಗಿತ್ತು. ಆದರೂ ಕೇಳಬೇಕಿತ್ತು ಎಂಬ ಹಳಹಳಿ ಬಿಡಲಿಲ್ಲ. ಕೇಳಿದ್ದರೆ ಒಂದು ವರ್ಷ ಅವಳು ಒಬ್ಬಳೇ ಅದನ್ನು ಹೊರಬೇಕಾಗಿರಲಿಲ್ಲ.

ದೊಡ್ಡವ್ವ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಆಮೇಲೆ ನನ್ನ ಎದೆಯ ಮೇಲೆ ಅಂಗೈ ಇಟ್ಟು ಕೂತಳು, ಒಳಗೆ ಏನೋ ಕೇಳಿಸಿಕೊಳ್ಳುವವಳ ಹಾಗೆ.

“ಖರೇ ಹೇಳು. ನಿನಗ ಕಡಿಮಿ ಆಗಿದ್ದು ಆ ಕಷಾಯದಿಂದಾನಾ, ಹೌದಲ್ಲ?”

ಡಾಕ್ಟರು ತೋರಿಸಿದ ಚಿತ್ರ ನೆನಪಾಯಿತು. ಕಟ್ಟಿಕೊಂಡ ನರ, ಸ್ಟೆಂಟು ಹಾಕಿದ ಮೇಲೆ ಬಿಚ್ಚಿಕೊಂಡ ನರ. ದೊಡ್ಡವ್ವ ಗಂಟು ಹೊತ್ತು ಬಸ್ಸು ಹತ್ತುವ ಮೊದಲೇ ನನ್ನ ಎದೆ ಸರಿಯಾಗಿತ್ತು. ಕಷಾಯ ಏನು ಮಾಡಿತೋ, ಏನನ್ನೂ ಮಾಡಲಿಲ್ಲವೋ, ಹೇಳುವವರು ಯಾರೂ ಇಲ್ಲ.

“ಹೌದು ದೊಡ್ಡವ್ವ,” ಎಂದೆ. “ಅದರಿಂದಾನಾ ಕಡಿಮಿ ಆಗಿದ್ದು.”

ಅವಳು ನನ್ನ ಮುಖ ನೋಡಿದಳು. ಎದೆಯ ಮೇಲಿನ ಕೈ ತೆಗೆಯಲಿಲ್ಲ.

“ನಿಮ್ಮವ್ವಗೂ ಸುಳ್ಳು ಹೇಳಾಕ ಬರ್ತಿದ್ದಿಲ್ಲ,” ಎಂದಳು.